ಬಚ್ಚಲುಮನೆಗೆ ಟೈಲ್ಸ್ ಹಾಕುವ ಮೊದಲು: ಯಾವ ಮನೆಗೆ ಯಾವ ವಾಟರ್‌ಪ್ರೂಫಿಂಗ್?

ಅಕ್ಕನ ಮನೆ ತುಮಕೂರಿನಲ್ಲಿದೆ. ಕಟ್ಟಿ ಮೂರು ವರ್ಷ ಆಗಿತ್ತು. ಒಂದು ದಿನ ಉಗ್ರಾಣ ಗುಡಿಸಲು ರಾಗಿ ಮೂಟೆ ಎಳೆದರೆ ಗೋಡೆ ಕಡೆಯ ಮಗ್ಗುಲು ಪೂರ್ತಿ ಒದ್ದೆ, ಒಳಗಿನ ರಾಗಿಗೆ ಮುಗ್ಗಲು ವಾಸನೆ. ತಲೆ ಎತ್ತಿ ನೋಡಿದರೆ ಸೂರಿನಲ್ಲಿ ಒಂದು ಕಲೆಯೂ ಇಲ್ಲ. ಮೇಲಿನ ಬಚ್ಚಲುಮನೆಯ ನೀರು ಗೋಡೆಯ ಒಳಗೇ ಇಳಿದು ಬುಡದಲ್ಲಿ ಹೊರಬಿದ್ದಿತ್ತು. ಮೇಲೆ ಹೋದರೆ ಟೈಲ್ಸ್ ಹೊಸದರ ಹಾಗೇ ಇವೆ, ಒಂದೂ ಸೀಳಿಲ್ಲ. ಒಡೆಸಿದ ಮೇಲೆ ಗೊತ್ತಾಯಿತು. ಅಡಿಯಲ್ಲಿ ತುಂಬಿದ್ದ ಇಟ್ಟಿಗೆ ಚೂರೆಲ್ಲ ನೀರು ಕುಡಿದು ಕೂತಿತ್ತು, ಗುಂಡಿಯ ತಳದಲ್ಲಿ ಕೋಟಿಂಗ್ ಅನ್ನುವುದೇ ಇರಲಿಲ್ಲ. ಕಟ್ಟಿದವರು "ವಾಟರ್‌ಪ್ರೂಫಿಂಗ್ ಮಾಡಿದ್ದೀವಿ" ಎಂದಿದ್ದು ಸುಳ್ಳೇನಲ್ಲ, ಟೈಲ್ಸ್ ಕೂರಿಸುವ ಗಾರೆಗೆ ಒಂದು ಬಾಟಲಿ ದ್ರವ ಬೆರೆಸಿದ್ದರು. ಅಷ್ಟೇ.

ಎರಡನೇ ಸಲ ಮಾಡಿಸುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ನಮ್ಮ ಮನೆಗೂ, ಇಬ್ಬರು ಸ್ನೇಹಿತರ ಮನೆಗೂ ಇದೇ ಕೆಲಸ ಮಾಡಿಸಿದೆ. ಎಲ್ಲ ಕಡೆ ಬಂದ ಪ್ರಶ್ನೆ ಒಂದೇ, ಯಾವ ಡಬ್ಬಿ ತರಲಿ? ಆದರೆ ಡಬ್ಬಿಯ ಹೆಸರು ಕೊನೆಗೆ ಕೇಳಬೇಕಾದ ಪ್ರಶ್ನೆ. ನಿಮ್ಮ ನೆಲದ ಅಡಿಯಲ್ಲಿ ಏನಿದೆ, ಅದು ಅಲುಗಾಡುತ್ತಾ, ಅದು ಒಣಗುತ್ತಾ ಎಂಬ ಮೂರಕ್ಕೆ ಉತ್ತರ ಸಿಕ್ಕಿದರೆ ಡಬ್ಬಿ ತಾನಾಗೇ ತೀರ್ಮಾನ ಆಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟೈಲ್ಸ್ ನೀರು ತಡೆಯುವುದಿಲ್ಲ. ವಿಟ್ರಿಫೈಡ್ ಟೈಲ್ಸ್ ನೀರು ಹೀರುವುದು 0.5 ಪರ್ಸೆಂಟಿಗಿಂತ ಕಡಿಮೆ, ನಿಜ. ಆದರೆ ಟೈಲ್ಸ್ ನಡುವಿನ ಸಂದಿ ಇದೆಯಲ್ಲ, ನೀರು ಅಲ್ಲಿಂದ ಇಳಿಯುತ್ತದೆ, ದಿನಾ ಸ್ವಲ್ಪ ಸ್ವಲ್ಪ. ಅದೂ ನಮ್ಮ ಬಚ್ಚಲುಮನೆಯಲ್ಲಿ ಬಕೆಟ್ಟು, ಚೊಂಬು ಇಟ್ಟುಕೊಂಡು ನೆಲದ ಮೇಲೆ ಕೂತು ಸ್ನಾನ ಮಾಡುವವರು ಇದ್ದಾರೆ, ಬಟ್ಟೆ ಒಗೆಯುವವರು ಇದ್ದಾರೆ, ವಾರಕ್ಕೊಮ್ಮೆ ಇಡೀ ನೆಲಕ್ಕೆ ನೀರು ಸುರಿದು ತಿಕ್ಕುತ್ತೇವೆ. ವಿದೇಶದ ವಿಡಿಯೋಗಳಲ್ಲಿ ಶವರ್ ಮೂಲೆಗೆ ಮಾತ್ರ ಹಾಳೆ ಅಂಟಿಸುವುದನ್ನು ನೋಡಿ ಇಲ್ಲೂ ಅಷ್ಟೇ ಸಾಕು ಎಂದುಕೊಳ್ಳಬೇಡಿ. ನಮಗೆ ಇಡೀ ನೆಲವೇ ಶವರ್ ಮೂಲೆ.

ನಿಮ್ಮ ನೆಲ ಯಾವ ಜಾತಿಯದು?

ಹಳೇ ಕಾಲದಲ್ಲಿ ಬಚ್ಚಲು ಮನೆಯ ಹಿಂಭಾಗದಲ್ಲಿತ್ತು. ಕಲ್ಲು ಚಪ್ಪಡಿ, ಪಕ್ಕದಲ್ಲಿ ಹಂಡೆ ಒಲೆ, ನೀರು ನೇರವಾಗಿ ಬಾಳೆ ಬುಡಕ್ಕೆ. ಅಡಿಯಲ್ಲಿ ಯಾರೂ ವಾಸ ಇರಲಿಲ್ಲ, ಹಾಗಾಗಿ ಸೋರಿದರೂ ತೊಂದರೆ ಇರಲಿಲ್ಲ. ಬಚ್ಚಲು ಮಹಡಿ ಹತ್ತಿದ ಮೇಲೆ, ಮಲಗುವ ಕೋಣೆಗೆ ಅಂಟಿಕೊಂಡ ಮೇಲೆ ಈ ಪಾಡು ಶುರುವಾಯಿತು.

ನೆಲಮಹಡಿಯ ಬಚ್ಚಲಾದರೆ ಅಡಿಯಲ್ಲಿ ಮಣ್ಣು. ಇಲ್ಲಿ ನೀರು ಕೆಳಗೆ ಹೋಗುವುದಕ್ಕಿಂತ ಪಕ್ಕದ ಗೋಡೆಗೆ ಏರುವುದೇ ತಲೆನೋವು. ಇನ್ನೊಂದು, ಪಾಯದೊಳಗೆ ತುಂಬಿದ ಮಣ್ಣು ಸರಿಯಾಗಿ ಕೂತಿರದಿದ್ದರೆ ಒಂದೆರಡು ಮಳೆಗಾಲದಲ್ಲಿ ನೆಲ ಕುಸಿದು, ನೀರು ಹೋಗುವ ಟ್ರ್ಯಾಪಿನ ಸುತ್ತ ಬಿರುಕು ಬಿಡುತ್ತದೆ. ಮಣ್ಣನ್ನು ಒಂದೇ ಸಲ ಸುರಿಯದೆ ಪದರ ಪದರವಾಗಿ ಹಾಕಿ, ನೀರು ಹಾಯಿಸಿ, ದಿಮ್ಮಸು ಹೊಡೆಸಿ, ಅದರ ಮೇಲೆ 4 ಇಂಚು ಬೆಡ್ ಕಾಂಕ್ರೀಟ್ ಹಾಕಿಸಿ. ಇಲ್ಲಿ ದುಡ್ಡು ಉಳಿಸಿದರೆ ಮೇಲೆ ಎಷ್ಟು ದುಬಾರಿ ಕೋಟಿಂಗ್ ಬಳಿದರೂ ಅದು ನೆಲದ ಜೊತೆಗೇ ಸೀಳುತ್ತದೆ.

ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣಿನಲ್ಲಿ ಮನೆ ಇರುವವರಿಗೆ ಇದು ಇನ್ನೂ ಮುಖ್ಯ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಅದನ್ನೇ ವಾಪಸ್ ತುಂಬಿಸಬಾರದು, ಗರಸು ತರಿಸಿ. ಮೇಲಿನ ಕೋಟಿಂಗ್ ಕೂಡ ಹಿಗ್ಗುವಂಥದ್ದೇ ಇರಲಿ.

ಮಹಡಿ ಬಚ್ಚಲಾದರೆ ಸಾಮಾನ್ಯವಾಗಿ ಸಂಕ್ ಇರುತ್ತದೆ, ಅಂದರೆ ಪೈಪು ಹಾಯಿಸುವುದಕ್ಕೆ ಮೋಲ್ಡನ್ನೇ (ಕಾಂಕ್ರೀಟ್ ಸ್ಲ್ಯಾಬ್) 9 ಇಂಚೋ 1 ಅಡಿಯೋ ತಗ್ಗಿಸಿ ಹಾಕಿರುತ್ತಾರೆ. ಯೋಚನೆ ಮಾಡಿ, ಅದು ಒಂದು ತೊಟ್ಟಿ. ನೀರು ಒಳಗೆ ಹೋಯಿತೆಂದರೆ ಹೊರಗೆ ಬರಲು ದಾರಿ ಇಲ್ಲ. ಅಕ್ಕನ ಮನೆಯಲ್ಲಿ ಆಗಿದ್ದು ಇದೇ. ಅಪಾರ್ಟ್‌ಮೆಂಟುಗಳಲ್ಲಿ ಕೆಲವೆಡೆ ಸಂಕ್ ಕಡಿಮೆ ಇಟ್ಟು, ಪೈಪನ್ನು ಕೆಳಗಿನ ಮನೆಯ ಸೂರಿಗೆ ನೇತುಹಾಕಿರುತ್ತಾರೆ. ಅಲ್ಲಿ ಪೈಪ್ ಮೋಲ್ಡನ್ನು ತೂರಿ ಇಳಿಯುವ ಒಂದೊಂದು ತೂತೂ ಅಪಾಯದ ಜಾಗ. ಆದರೆ ಸೋರಿದರೆ ಬೇಗ ಕಾಣುತ್ತದೆ, ಅದೊಂದು ಲಾಭ.

ಹಳೇ ಬಚ್ಚಲು: ಒಡೆಯುವುದಾ, ಮೇಲೇ ಹಾಕುವುದಾ?

ಟೈಲ್ಸ್ ಮೇಲೆ ಟೈಲ್ಸ್ ಹಾಕುವುದು ಸುಲಭ. ಧೂಳಿಲ್ಲ, ಎರಡು ಮೂರು ದಿನದ ಕೆಲಸ. ಬಣ್ಣ ಬೇಜಾರಾಗಿದೆ, ಸೋರಿಕೆ ಏನೂ ಇಲ್ಲ ಎನ್ನುವವರು ಧಾರಾಳವಾಗಿ ಮಾಡಬಹುದು. ಮಾಡುವ ಮೊದಲು ಹಳೇ ಟೈಲ್ಸನ್ನು ಕೋಲಿನಿಂದ ಒಂದೊಂದಾಗಿ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಆ ಟೈಲ್ಸ್ ಬಿಟ್ಟುಕೊಂಡಿದೆ ಎಂದರ್ಥ. ಅಲ್ಲೊಂದು ಇಲ್ಲೊಂದು ಇದ್ದರೆ ಅವನ್ನಷ್ಟೇ ಕಿತ್ತು ತುಂಬಿಸಬಹುದು. ಜಾಸ್ತಿ ಇದ್ದರೆ ಬೇಡ. ನೆಲ ಅರ್ಧ ಇಂಚಿಗಿಂತ ಜಾಸ್ತಿ ಏರುತ್ತದೆ ಎನ್ನುವುದೂ ಲೆಕ್ಕದಲ್ಲಿರಲಿ. ಹೊಸ್ತಿಲು, ಬಾಗಿಲು, ಟ್ರ್ಯಾಪಿನ ಜಾಲರಿ ಮೂರನ್ನೂ ಅದಕ್ಕೆ ಹೊಂದಿಸಬೇಕು.

ಸೋರಿಕೆ ಇದ್ದರೆ ಮಾತ್ರ ದಯವಿಟ್ಟು ಮೇಲೆ ಮುಚ್ಚಬೇಡಿ. ಒಳಗಿನ ನೀರು ಒಳಗೇ ಉಳಿಯುತ್ತದೆ, ಗೋಡೆಯಲ್ಲಿ ಉಪ್ಪು ಬರುವುದು ನಿಲ್ಲುವುದಿಲ್ಲ, ಮೋಲ್ಡಿನ ಕಬ್ಬಿಣ ತುಕ್ಕು ಹಿಡಿದು ಕೆಳಗಿನ ಸೂರು ಚಕ್ಕೆ ಚಕ್ಕೆಯಾಗಿ ಬೀಳುತ್ತದೆ.

ಆದರೆ ಒಡೆಯುವ ಮೊದಲೂ ಒಂದು ಪರೀಕ್ಷೆ ಇದೆ. ಸೋರುವುದು ನೆಲವೋ ಪೈಪೋ? ಬಚ್ಚಲನ್ನು ಎರಡು ದಿನ ಬಳಸಬೇಡಿ, ಆದರೆ ನೀರಿನ ವಾಲ್ವ್ ತೆರೆದೇ ಇರಲಿ. ಆಗಲೂ ಕೆಳಗೆ ತೇವ ಹೆಚ್ಚುತ್ತಲೇ ಇದ್ದರೆ ನೀರು ತರುವ ಪೈಪಿನ ಮೇಲೆ ಅನುಮಾನ. ಸ್ನಾನ ಮಾಡಿದಾಗ ಮಾತ್ರ ಹೆಚ್ಚಿದರೆ ನೆಲ, ಟ್ರ್ಯಾಪ್ ಅಥವಾ ಕೊಳಚೆ ಪೈಪ್. ನನ್ನ ಸ್ನೇಹಿತನೊಬ್ಬ ಇಡೀ ನೆಲ ಒಡೆಸಿದ ಮೇಲೆ ಗೋಡೆಯೊಳಗಿನ ಒಂದು ಎಲ್ಬೋ ಹನಿಯುತ್ತಿರುವುದು ಸಿಕ್ಕಿತು. ಎರಡು ಟೈಲ್ಸ್ ಕಿತ್ತರೆ ಮುಗಿಯುವ ಕೆಲಸ. ಪ್ಲಂಬರ್ ಹತ್ತಿರ ಕೈಪಂಪ್ ಇರುತ್ತದೆ, ಲೈನಿಗೆ ಒತ್ತಡ ಕೊಟ್ಟು ಒಂದು ರಾತ್ರಿ ಬಿಟ್ಟು ಮೀಟರಿನ ಮುಳ್ಳು ಇಳಿದಿದೆಯಾ ನೋಡಿಸಿ. ಹೊಸ ಮನೆಗೂ ಇದನ್ನು ಟೈಲ್ಸಿಗೆ ಮೊದಲೇ ಮಾಡಿಸಬೇಕು.

ಸಂಕ್ ತುಂಬಲು ಏನು?

ಇಟ್ಟಿಗೆ ಚೂರು ಮತ್ತು ಗಾರೆ, ಇದು ಎಲ್ಲರೂ ಮಾಡುವುದು. ಗಟ್ಟಿ, ಎಲ್ಲ ಕಡೆ ಸಿಗುತ್ತದೆ. ತೂಕ ಜಾಸ್ತಿ. 5 ಅಡಿಗೆ 8 ಅಡಿಯ ಬಚ್ಚಲು, 1 ಅಡಿ ಸಂಕ್ ಎಂದರೆ 40 ಘನ ಅಡಿ, ಒಂದು ಘನ ಮೀಟರಿಗಿಂತ ಸ್ವಲ್ಪ ಹೆಚ್ಚು. ಅಷ್ಟಕ್ಕೆ ಇಟ್ಟಿಗೆ ಚೂರು ಗಾರೆ ಸುಮಾರು 2 ಟನ್ ತೂಗುತ್ತದೆ. ಹಗುರ ಬ್ಲಾಕುಗಳು ಎನ್ನುತ್ತಾರಲ್ಲ, ಎಎಸಿ ಬ್ಲಾಕ್, ಅವುಗಳ ತೂಕ ಘನ ಮೀಟರಿಗೆ 550ರಿಂದ 650 ಕಿಲೋ. ಅದರ ಚೂರು ತುಂಬಿದರೆ ಮೋಲ್ಡಿನ ಮೇಲಿನ ಭಾರ ಎಷ್ಟೋ ಇಳಿಯುತ್ತದೆ. ಆದರೆ ಬ್ಲಾಕ್ ನೀರು ಹೀರುವುದರಲ್ಲಿ ಇಟ್ಟಿಗೆಗೇನೂ ಕಡಿಮೆ ಇಲ್ಲ, ಒಮ್ಮೆ ತೊಯ್ದರೆ ಬೇಗ ಒಣಗುವುದಿಲ್ಲ.

ಒಡೆದ ಹಳೇ ಟೈಲ್ಸು, ಪ್ಲಾಸ್ಟರ್ ಚೂರು, ಸಿಮೆಂಟ್ ಚೀಲ, ಮರದ ತುಂಡು ಎಲ್ಲ ಗುಂಡಿಗೆ ಗುಡಿಸಿ ಹಾಕುವುದು ಮೂರನೇ ದಾರಿ, ಯಾರೂ ಹೇಳಿ ಮಾಡುವುದಿಲ್ಲ, ನೀವು ಊಟಕ್ಕೆ ಹೋದಾಗ ಆಗಿರುತ್ತದೆ. ತುಂಬುವ ದಿನ ಅಲ್ಲೇ ಇರಿ. ಚೂಪು ಕಲ್ಲೊಂದು ತಳದ ಕೋಟಿಂಗನ್ನು ಕೊರೆದರೆ ಮಾಡಿದ್ದೆಲ್ಲ ಹೋಯಿತು. ಅದಕ್ಕೇ ತಳದ ಕೋಟಿಂಗ್ ಒಣಗಿದ ಮೇಲೆ ಅದರ ಮೇಲೆ ಒಂದು ಇಂಚಿನಷ್ಟು ಗಾರೆ ಹಾಸಿ, ಆಮೇಲೆ ತುಂಬಿಸುವುದು.

ಇನ್ನೊಂದು ಚಿಕ್ಕ ಕೆಲಸ, ಆದರೆ ನನ್ನ ಮಟ್ಟಿಗೆ ಇಡೀ ಬಚ್ಚಲಿನಲ್ಲೇ ಒಳ್ಳೆಯ ಕೆಲಸ. ಸಂಕಿನ ತಳದಿಂದ ಹೊರಗೋಡೆಗೆ ಅಥವಾ ಪೈಪುಗಳು ಇಳಿಯುವ ಡಕ್ಟಿಗೆ ಒಂದು ಸಣ್ಣ ಪೈಪ್ ಬಿಡಿಸಿ, ತಳದ ವಾಟವೂ, ಅಂದರೆ ಇಳಿಜಾರೂ, ಅದರ ಕಡೆಗೇ ಇರಲಿ. ಮುಂದೆ ಯಾವತ್ತಾದರೂ ನೀರು ಒಳಗೆ ಸೇರಿದರೆ ಆ ಪೈಪಿನಲ್ಲಿ ಹನಿ ಕಾಣುತ್ತದೆ, ರಾಗಿ ಮೂಟೆ ಒದ್ದೆಯಾಗುವವರೆಗೆ ಕಾಯಬೇಕಾಗಿಲ್ಲ. ಹಳೇ ಕಟ್ಟಡದಲ್ಲಿ ಇದನ್ನು ಕೊರೆಯುವುದು ಕಷ್ಟ, ತೊಲೆ ಅಡ್ಡ ಬಂದರೆ ಕೊರೆಯಲೇಬಾರದು. ಹೊಸದಾಗಿ ಕಟ್ಟುವವರು ಖಂಡಿತ ಬಿಡಬೇಡಿ.

ಈಗ ಕೋಟಿಂಗ್

ಅಂಗಡಿಗೆ ಹೋದರೆ ಡಾ. ಫಿಕ್ಸಿಟ್, ಫೋಸ್ರಾಕ್, ಸಿಕಾ ಅಂತ ಸಾಲಾಗಿ ಡಬ್ಬಿಗಳಿರುತ್ತವೆ. ಕಂಪನಿ ಯಾವುದು ಎನ್ನುವುದಕ್ಕಿಂತ ಡಬ್ಬಿಯೊಳಗಿನ ಜಾತಿ ಯಾವುದು ಎಂದು ಕೇಳಿ. ಒಂದೇ ಕಂಪನಿಯಲ್ಲಿ ಐದಾರು ಜಾತಿ ಇರುತ್ತವೆ, ಕೆಲಸ ಪೂರ್ತಿ ಬೇರೆ ಬೇರೆ. ಮೇಸ್ತ್ರಿ ಕಂಪನಿ ಹೆಸರಷ್ಟೇ ಹೇಳಿದರೆ ನಿಮಗೆ ಏನೂ ಗೊತ್ತಾಗಿಲ್ಲ ಎಂದೇ ತಿಳಿಯಿರಿ.

ಎಲ್ಲಕ್ಕಿಂತ ಅಗ್ಗ, ಗಾರೆಗೆ ಬೆರೆಸುವ ದ್ರವ. 50 ಕಿಲೋ ಸಿಮೆಂಟ್ ಚೀಲಕ್ಕೆ ಸಾಮಾನ್ಯವಾಗಿ 200 ಮಿಲಿ. ಇದಕ್ಕೆ ಐಎಸ್ 2645 ಎಂಬ ಸ್ಟ್ಯಾಂಡರ್ಡ್ ಕೂಡ ಇದೆ. ಗಾರೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ನೀರು ಏರುವುದನ್ನು ಇದು ಕಡಿಮೆ ಮಾಡುತ್ತದೆ. ಪ್ಲಾಸ್ಟರಿಗೆ, ಬೆಡ್ ಕಾಂಕ್ರೀಟಿಗೆ, ವಾಟ ಕೊಡುವ ಗಾರೆಗೆ ಖಂಡಿತ ಹಾಕಿ. ಆದರೆ ಗಾರೆ ಬಿರುಕು ಬಿಟ್ಟ ದಿನ ಇದರ ಕೆಲಸ ಮುಗಿಯಿತು. ಇದು ಸಹಾಯಕ, ಕಾವಲುಗಾರ ಅಲ್ಲ. ಇದೊಂದನ್ನೇ ಹಾಕಿ ವಾಟರ್‌ಪ್ರೂಫಿಂಗ್ ಎಂದು ಬಿಲ್ ಬರೆದರೆ ಒಪ್ಪಬೇಡಿ. ಬೆರೆಸುವಾಗಲೂ ಕಲಸುವ ನೀರಿಗೆ ಹಾಕಬೇಕು, ಅಳತೆ ಮೀರಿ ಸುರಿದರೆ ಒಳ್ಳೆಯದಾಗುವುದಿಲ್ಲ.

ಅದರ ಮೇಲಿನ ಮೆಟ್ಟಿಲು ಹಾಲಿನಂಥ ಲ್ಯಾಟೆಕ್ಸ್, ಎಸ್‌ಬಿಆರ್ ಎನ್ನುತ್ತಾರೆ. ಸಿಮೆಂಟಿನ ಜೊತೆ ಕಲಸಿ ಬ್ರಷ್‌ನಲ್ಲಿ ಬಳಿಯುವುದು. ಹಳೇ ಕಾಂಕ್ರೀಟಿಗೆ ಹೊಸ ಗಾರೆ ಹಿಡಿಸಲು ಇದಕ್ಕಿಂತ ಒಳ್ಳೆಯದು ಸುಲಭವಾಗಿ ಸಿಗುವುದಿಲ್ಲ. ನೀರನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ತೊಂದರೆ ಏನೆಂದರೆ ಸಿಮೆಂಟ್ ಎಷ್ಟು, ಹಾಲು ಎಷ್ಟು ಎನ್ನುವುದು ಕೆಲಸದವರ ಕಣ್ಣಂದಾಜಿನ ಮೇಲೆ ನಿಂತಿದೆ. ಒಣಗಿದ ಮೇಲೆ ಅಷ್ಟಾಗಿ ಹಿಗ್ಗುವುದೂ ಇಲ್ಲ. ನೆಲಮಹಡಿಯಲ್ಲಿ ಗಟ್ಟಿ ಮಣ್ಣಿನ ಮೇಲಿನ ಬಚ್ಚಲು, ಬಜೆಟ್ ಕಡಿಮೆ ಎನ್ನುವವರು ಇದನ್ನು ಮಾಡಿಸಬಹುದು. ಮಹಡಿಗೆ ನಾನು ಒಪ್ಪುವುದಿಲ್ಲ.

ಮೂರನೆಯದು ಪುಡಿ ಒಂದು ಚೀಲ, ದ್ರವ ಒಂದು ಕ್ಯಾನ್, ಎರಡೂ ಸೇರಿ ಒಂದೇ ಪ್ಯಾಕಿನಲ್ಲಿ ಬರುವ ಅಕ್ರಿಲಿಕ್-ಸಿಮೆಂಟ್ ಕೋಟಿಂಗ್. ಹತ್ತು ಬಚ್ಚಲಲ್ಲಿ ಎಂಟಕ್ಕೆ ನನ್ನ ಉತ್ತರ ಇದೇ. ಕಾರಣಗಳಿವೆ. ಅಳತೆ ಕಂಪನಿಯದು, ಕೆಲಸದವರು ಊಹೆ ಮಾಡಬೇಕಾಗಿಲ್ಲ. ನೆಲ ಪೂರ್ತಿ ಒಣಗಿರಬೇಕಿಲ್ಲ, ಬದಲಿಗೆ ಒದ್ದೆ ಮಾಡಿ, ನಿಂತ ನೀರು ಒರೆಸಿ, ತೇವ ಇರುವಾಗಲೇ ಬಳಿಯಬೇಕು. ಮಳೆಗಾಲದಲ್ಲೂ ಮಾಡಬಹುದು. ಸಿಮೆಂಟ್ ಅಂಶ ಇರುವುದರಿಂದ ಟೈಲ್ಸ್ ಅಂಟು ನೇರವಾಗಿ ಇದರ ಮೇಲೆ ಹಿಡಿಯುತ್ತದೆ. ಕೂದಲೆಳೆಯಂಥ ಬಿರುಕು ಬಂದರೆ ತಾಳಿಕೊಳ್ಳುವಷ್ಟು ಹಿಗ್ಗುತ್ತದೆ.

ಆದರೆ ಇದನ್ನು ಹಾಳು ಮಾಡುವುದೂ ಸುಲಭ. ದ್ರವವನ್ನು ಬಕೆಟ್ಟಿಗೆ ಹಾಕಿ, ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಸುರಿದು, ಡ್ರಿಲ್ಲಿಗೆ ಕಲಸುವ ಕಡ್ಡಿ ಸಿಕ್ಕಿಸಿ ನಿಧಾನವಾಗಿ ತಿರುಗಿಸಬೇಕು, ಗಂಟು ಉಳಿಯಬಾರದು. ಕಲಸಿದ್ದನ್ನು ಪ್ಯಾಕಿನ ಮೇಲೆ ಹೇಳಿದ ಹೊತ್ತಿನೊಳಗೆ ಮುಗಿಸಬೇಕು, ಗಟ್ಟಿಯಾಗುತ್ತಿದೆ ಎಂದು ನೀರು ಬೆರೆಸಿದರೆ ಅದು ಕೋಟಿಂಗ್ ಅಲ್ಲ, ಸುಣ್ಣ. ಮೊದಲ ಕೋಟು ಉದ್ದಕ್ಕೆ ಎಳೆದರೆ ಎರಡನೆಯದು ಅಡ್ಡಕ್ಕೆ. ನಡುವೆ ನಾಲ್ಕರಿಂದ ಆರು ಗಂಟೆ ಅಥವಾ ಪ್ಯಾಕಿನಲ್ಲಿ ಬರೆದಷ್ಟು. ಎರಡೂ ಸೇರಿ ಸುಮಾರು 1 ಮಿಲಿಮೀಟರ್ ದಪ್ಪ ಬರಬೇಕು. ದಪ್ಪ ಅಳೆಯುವುದು ಹೇಗೆ ಎಂದು ತಲೆ ಕೆಡಿಸಿಕೊಳ್ಳಬೇಡಿ, ಖಾಲಿ ಚೀಲ ಎಣಿಸಿ. ಪ್ಯಾಕಿನ ಮೇಲೆ ಎಷ್ಟು ಚದರ ಅಡಿಗೆ ಎಂದು ಬರೆದಿರುತ್ತದೆ, ಅದಕ್ಕಿಂತ ತುಂಬಾ ಕಡಿಮೆಯಲ್ಲಿ ಮುಗಿದಿದ್ದರೆ ತೆಳ್ಳಗೆ ಬಳಿದಿದ್ದಾರೆ.

ಪಿಯು, ಅಂದರೆ ಪಾಲಿಯುರೆಥೇನ್, ಒಣಗಿದ ಮೇಲೆ ರಬ್ಬರಿನ ಹಾಗೆ. ಹಿಗ್ಗುವುದರಲ್ಲಿ ಉಳಿದ ಯಾವುದೂ ಇದರ ಹತ್ತಿರ ಬರುವುದಿಲ್ಲ. ಬೆಲೆಯೂ ಹಾಗೇ. ಎರೆಮಣ್ಣಿನ ಮನೆ, ಕಾಂಕ್ರೀಟ್ ಮತ್ತು ಬ್ಲಾಕ್ ಗೋಡೆ ಸೇರುವ ಕಡೆ ಪದೇ ಪದೇ ಬಿರುಕು ಬಿಡುವ ಮನೆ, ಆಗಲೇ ಒಂದು ಸಲ ಸೋತ ಮಹಡಿ ಬಚ್ಚಲು, ಇಂಥ ಕಡೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ನೆಲ ಚೆನ್ನಾಗಿ ಒಣಗಿರಬೇಕು. ಒಳಗೆ ತೇವ ಇದ್ದರೆ ಅದು ಆವಿಯಾಗಿ ಮೇಲೆ ಬಂದು ಕೋಟಿಂಗ್ ಗುಳ್ಳೆ ಗುಳ್ಳೆಯಾಗಿ ಏಳುತ್ತದೆ. ಪರೀಕ್ಷೆ ಸುಲಭ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, 16 ಗಂಟೆ ಬಿಟ್ಟು ತೆಗೆಯಿರಿ. ಹಾಳೆಯ ಒಳಬದಿ ಹನಿಗಟ್ಟಿದ್ದರೆ, ನೆಲ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ಮಂಗಳೂರು, ಉಡುಪಿ, ಆಗುಂಬೆ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಹಾಳೆ ಒಣಗಿ ಬರುವುದು ಕಷ್ಟವೇ, ಅಲ್ಲಿನವರು ಪಿಯು ಕೆಲಸವನ್ನು ಬೇಸಿಗೆಗೆ ಇಟ್ಟುಕೊಳ್ಳಬೇಕು. ಇನ್ನೊಂದು ಎಚ್ಚರ, ನುಣ್ಣನೆಯ ಪಿಯು ಮೇಲೆ ಗಾರೆ ಹಿಡಿಯುವುದಿಲ್ಲ. ಕೊನೆಯ ಕೋಟು ಹಸಿ ಇರುವಾಗಲೇ ಒಣ ಮರಳು ಉದುರಿಸಿ ಒರಟು ಮಾಡಿಸಬೇಕು. ಇದನ್ನು ಮರೆತು ಟೈಲ್ಸ್ ಹಾಕಿದ ನೆಲದಲ್ಲಿ ಟೈಲ್ಸ್ ಹಪ್ಪಳದ ಹಾಗೆ ಎದ್ದು ಬಂದಿದ್ದನ್ನು ನೋಡಿದ್ದೇನೆ.

ಕ್ರಿಸ್ಟಲೈನ್ ಎಂಬುದೂ ಇದೆ, ಕಾಂಕ್ರೀಟಿನ ಒಳಕ್ಕೆ ಇಳಿದು ತೇವದ ಜೊತೆ ಸೇರಿ ಹರಳುಗಟ್ಟಿ ರಂಧ್ರ ಮುಚ್ಚುವಂಥದ್ದು. ಹೊಸ ಸಂಕಿನ ತಳಕ್ಕೆ ಚೆನ್ನಾಗಿದೆ, ಅದರ ಮೇಲೆ ಮೂರನೇ ಜಾತಿಯ ಕೋಟಿಂಗ್ ಬಳಿದರೆ ಇನ್ನೂ ಚೆನ್ನ. ಇಟ್ಟಿಗೆ, ಬ್ಲಾಕ್ ಗೋಡೆಗೆ ಇದು ಕೆಲಸಕ್ಕೆ ಬಾರದು, ಅಲುಗಾಡುವ ಬಿರುಕಿಗೂ ಅಷ್ಟೇ. ಬೆಂಕಿ ಹಚ್ಚಿ ಅಂಟಿಸುವ ಕಪ್ಪು ಹಾಳೆ ತಾರಸಿಗೆ ಸರಿ. ನಾಲ್ಕು ಪೈಪು, ಆರು ಮೂಲೆ ಇರುವ ಪುಟ್ಟ ಬಚ್ಚಲಲ್ಲಿ ಅದನ್ನು ಮಡಚಿ ಕತ್ತರಿಸಿ ಕೂರಿಸುವುದರಲ್ಲೇ ಹತ್ತು ಸಂದಿ ಬಿಡುತ್ತದೆ. ಬೇಡ.

ಕರಾವಳಿಯ ಕೆಂಪು ಕಲ್ಲಿನ ಮನೆಯವರಿಗೆ ಒಂದು ಮಾತು. ಕಲ್ಲು ರಂಧ್ರ ರಂಧ್ರವಾಗಿ ಇರುವುದರಿಂದ ನೆಲಕ್ಕಿಂತ ಗೋಡೆಯೇ ನೀರು ಜಾಸ್ತಿ ಎಳೆಯುತ್ತದೆ. ಮೊದಲು ಗಟ್ಟಿ ಪ್ಲಾಸ್ಟರ್, ಅದರ ಮೇಲೆ ಕೋಟಿಂಗ್, ಅದೂ ಅರ್ಧ ಗೋಡೆಗೆ ನಿಲ್ಲಿಸದೆ.

ಒಂದೇ ಪದರವಾ, ಎರಡಾ?

ಸಂಕ್ ಇದ್ದರೆ ಎರಡು. ಗುಂಡಿಯ ತಳ ಮತ್ತು ಪಕ್ಕಗಳಿಗೆ ಒಮ್ಮೆ, ತುಂಬಿ ವಾಟ ಕೊಟ್ಟು ಒಣಗಿದ ಮೇಲೆ ಟೈಲ್ಸಿನ ಅಡಿಗೆ ಇನ್ನೊಮ್ಮೆ. ಕೆಳಗಿನದು ಕೆಳಮನೆಯನ್ನು ಕಾಯುತ್ತದೆ, ಮೇಲಿನದು ತುಂಬಿದ್ದು ತೊಯ್ಯದ ಹಾಗೆ ಕಾಯುತ್ತದೆ. ದುಡ್ಡು ಸಾಲದು ಎನ್ನುವವರು ಟೈಲ್ಸಿನ ಬೆಲೆಯಲ್ಲಿ ಸ್ವಲ್ಪ ಇಳಿಸಿಕೊಳ್ಳಿ, ಈ ಎರಡರಲ್ಲಿ ಒಂದನ್ನು ಬಿಡಬೇಡಿ. ಹಳೇ ಬಚ್ಚಲಿನಲ್ಲಿ ತುಂಬಿದ್ದು ಒಣಗಿದೆ, ಗಟ್ಟಿಯಾಗಿದೆ, ಟೈಲ್ಸ್ ಮಾತ್ರ ಕಿತ್ತಿದ್ದೀರಿ ಎಂದರೆ ಮೇಲಿನ ಒಂದು ಪದರ ಸಾಕು.

ಇಲ್ಲೇ ಎಲ್ಲರೂ ಎಡವುವ ಜಾಗ ಇದೆ, ವಾಟ. ಗಾರೆಯವರು ಕೋಟಿಂಗನ್ನು ಸಮತಟ್ಟು ನೆಲದ ಮೇಲೆ ಹಾಕಿಸಿ, ವಾಟವನ್ನು ಟೈಲ್ಸ್ ಕೂರಿಸುವ ಗಾರೆಯಲ್ಲಿ ಕೊಡುತ್ತಾರೆ. ಮೇಲಿನಿಂದ ನೋಡಿದರೆ ನೀರು ಚೆನ್ನಾಗಿ ಹರಿಯುತ್ತದೆ. ಆದರೆ ಸಂದಿಯಿಂದ ಇಳಿದ ನೀರು ಕೋಟಿಂಗ್ ಮೇಲೆ ಎಲ್ಲಿಗೂ ಹೋಗದೆ ನಿಲ್ಲುತ್ತದೆ, ಅಲ್ಲೇ ಕೊಳೆಯುತ್ತದೆ, ವಾಸನೆ ಬರುತ್ತದೆ, ಟೈಲ್ಸ್ ಅಂಚು ಕಪ್ಪಾಗುತ್ತದೆ. ವಾಟ ಕೋಟಿಂಗಿನ ಕೆಳಗೇ ಆಗಿರಬೇಕು. 80ಕ್ಕೆ 1 ಅಂದಾಜು ಇಟ್ಟುಕೊಳ್ಳಿ, 8 ಅಡಿ ದೂರಕ್ಕೆ ಹತ್ತಿರ ಹತ್ತಿರ ಒಂದೂಕಾಲು ಇಂಚು ಇಳಿತ. ರಸಮಟ್ಟ ಇಟ್ಟು ನೋಡಿ, ಆಮೇಲೆ ಒಂದು ಚೊಂಬು ನೀರು ಚೆಲ್ಲಿಯೂ ನೋಡಿ. ಕೋಟಿಂಗ್ ಟ್ರ್ಯಾಪಿನ ಬಾಯಿಯ ಒಳಕ್ಕೂ ಇಳಿದಿರಬೇಕು, ಅಂಚಿನಲ್ಲಿ ನಿಂತರೆ ನೀರು ಟ್ರ್ಯಾಪಿನ ಹೊರಮೈ ಹಿಡಿದು ಕೆಳಗಿಳಿಯುತ್ತದೆ.

ಯಾವ ಕೋಟಿಂಗ್ ಆದರೂ ತಪ್ಪದ ತಯಾರಿ

ನೆಲದ ಮೇಲೆ ಬಿದ್ದು ಒಣಗಿದ ಗಾರೆಯ ಗಡ್ಡೆಗಳನ್ನು ಉಳಿಯಿಂದ ತೆಗೆಸಿ. ಸುಮ್ನೆ ಗುಡಿಸಿದರೆ ಸಾಲದು, ತಂತಿ ಬ್ರಷ್ ಹಾಕಿ, ತೊಳೆದು, ಧೂಳು ಕೈಗೆ ಹತ್ತದ ಹಾಗಿರಬೇಕು. ಧೂಳಿನ ಮೇಲೆ ಬಳಿದ ಕೋಟಿಂಗ್ ಹಿಡಿಯುವುದು ಧೂಳನ್ನು, ನೆಲವನ್ನಲ್ಲ. ಬಿರುಕಿದ್ದರೆ ಸ್ವಲ್ಪ ಅಗಲಿಸಿ ತುಂಬಿಸಿ. ಗೋಡೆ ಮತ್ತು ನೆಲ ಸೇರುವ ಮೂಲೆಯನ್ನು ಚೂಪಾಗಿ ಬಿಡದೆ ಗಾರೆಯಿಂದ ದುಂಡಗೆ ಗೋಲ ಕಟ್ಟಿಸಿ, ಅಲ್ಲಿಗೆ ಕೋಟಿಂಗ್ ಜೊತೆ ಫೈಬರ್ ಬಲೆ ಒತ್ತಿಸಿ. ಬಿರುಕು ಮೊದಲು ಬರುವುದು ಆ ಮೂಲೆಗೇ.

ಪಿವಿಸಿ ಪೈಪಿನ ವಿಷಯ ತುಂಬ ಜನಕ್ಕೆ ಗೊತ್ತಿರುವುದಿಲ್ಲ. ಪೈಪ್ ನುಣುಪು, ಸಿಮೆಂಟ್ ಅದಕ್ಕೆ ಅಂಟುವುದೇ ಇಲ್ಲ, ಸುತ್ತ ಸುಮ್ನೆ ನಿಂತಿರುತ್ತದೆ ಅಷ್ಟೇ. ಆ ಕೂದಲೆಳೆ ಸಂದಿಯೇ ನೀರಿಗೆ ಹೆದ್ದಾರಿ. ಮೋಲ್ಡ್ ದಾಟುವ ಕಡೆ ಪೈಪನ್ನು ಉಪ್ಪುಕಾಗದದಿಂದ ಉಜ್ಜಿ, ಪೈಪ್ ಅಂಟು ಸವರಿ, ಅದು ಹಸಿ ಇರುವಾಗ ಮರಳು ಉದುರಿಸಿದರೆ ಮೈ ಒರಟಾಗುತ್ತದೆ. ಆಮೇಲೆ ಕುಗ್ಗದ ಗ್ರೌಟ್ ತುಂಬಿಸಿ. ಹತ್ತು ನಿಮಿಷದ ಕೆಲಸ. ಪ್ಲಂಬರಿಗೆ ಮೊದಲೇ ಹೇಳಿಡಿ, ಕಾಂಕ್ರೀಟ್ ಬಿದ್ದ ಮೇಲೆ ಹೇಳಿ ಪ್ರಯೋಜನ ಇಲ್ಲ.

ರೇಟು ಕೇಳುವಾಗ

ಚದರ ಅಡಿಗೆ ಇಷ್ಟು ಎಂದಾಗ ಎಷ್ಟು ಚದರ ಅಡಿ ಎಂದು ಕೇಳಿ. 5ಕ್ಕೆ 8ರ ಬಚ್ಚಲಿನ ನೆಲ 40 ಚದರ ಅಡಿ. ಸುತ್ತ 26 ಅಡಿ ಗೋಡೆ, ಅದಕ್ಕೆ 1 ಅಡಿ ಎತ್ತರ ಎಂದರೆ 26. ಸ್ನಾನದ ಮೂಲೆಯ 8 ಅಡಿ ಉದ್ದದ ಗೋಡೆಗೆ 6 ಅಡಿ ಎತ್ತರದವರೆಗೆ ಬೇಕು, ಒಂದು ಅಡಿ ಆಗಲೇ ಸೇರಿದೆ, ಉಳಿದ 5 ಅಡಿಗೆ 40. ಒಟ್ಟು 106. ಒಬ್ಬರು 40ಕ್ಕೆ ರೇಟ್ ಹೇಳುತ್ತಾರೆ, ಇನ್ನೊಬ್ಬರು 106ಕ್ಕೆ, ನಾವು ಮೊದಲನೆಯವರು ಅಗ್ಗ ಎಂದು ಕೆಲಸ ಕೊಡುತ್ತೇವೆ. ಗೋಡೆಗೆ ಬಳಿಯದ ನೆಲದ ಕೋಟಿಂಗ್ ಅಂಚಿಲ್ಲದ ತಟ್ಟೆಯ ಹಾಗೆ. ಬಾಗಿಲ ಹತ್ತಿರವೂ ಹೊಸ್ತಿಲಿನ ಗ್ರಾನೈಟ್ ಪಟ್ಟಿ ಕೂರಿಸುವ ಮೊದಲೇ ಅದರ ಅಡಿಗೆ ಕೋಟಿಂಗ್ ಹೋಗಬೇಕು, ಇಲ್ಲವಾದರೆ ನೀರು ಕೋಣೆಯ ಟೈಲ್ಸ್ ಅಡಿಗೆ ನುಸುಳಿ ಬಾಗಿಲ ಚೌಕಟ್ಟಿನ ಬುಡ ಕೊಳೆಯುತ್ತದೆ.

ನೀರು ನಿಲ್ಲಿಸಿ ನೋಡುವುದು

ಇದಕ್ಕೆ ಪರ್ಯಾಯ ಇಲ್ಲ. ಕೋಟಿಂಗ್ ಪ್ಯಾಕಿನಲ್ಲಿ ಬರೆದಷ್ಟು ದಿನ ಗಟ್ಟಿಯಾಗಲು ಬಿಡಿ, ಆಮೇಲೆ ಟ್ರ್ಯಾಪಿನ ಬಾಯಿ ಬಿಗಿಯಾಗಿ ಮುಚ್ಚಿ, ಬಾಗಿಲಲ್ಲಿ ಗಾರೆಯ ತಾತ್ಕಾಲಿಕ ಕಟ್ಟೆ ಕಟ್ಟಿ 2 ಇಂಚು ನೀರು ನಿಲ್ಲಿಸಿ. 40 ಚದರ ಅಡಿಗೆ ಸುಮಾರು 190 ಲೀಟರ್. ಗೋಡೆಯ ಮೇಲೆ ಪೆನ್ಸಿಲ್ ಗೆರೆ ಎಳೆದು 48 ಗಂಟೆ ಬಿಡಿ. ಬೇಸಿಗೆಯಲ್ಲಿ ನೀರು ಆವಿಯಾಗುತ್ತದಲ್ಲ, ಅದಕ್ಕೆ ಒಂದು ಬಕೆಟ್ಟಿಗೂ ನೀರು ತುಂಬಿ ಗೆರೆ ಹಾಕಿ ಅದೇ ಬಚ್ಚಲಲ್ಲಿ ಇಡಿ. ಬಕೆಟ್ಟಿನಷ್ಟೇ ನೆಲದ್ದೂ ಇಳಿದಿದ್ದರೆ ಅದು ಗಾಳಿಗೆ ಹೋಗಿದ್ದು. ಜಾಸ್ತಿ ಇಳಿದಿದ್ದರೆ ಎಲ್ಲೋ ದಾರಿ ಸಿಕ್ಕಿದೆ. ಕೆಳಗಿನ ಸೂರು, ಗೋಡೆಯ ಹೊರಮೈ, ಪೈಪಿನ ಸುತ್ತ ಬ್ಯಾಟರಿ ಹಿಡಿದು ನೋಡಿ. ಸಂಕಿಗೆ ಒಮ್ಮೆ, ಮೇಲಿನ ಪದರಕ್ಕೆ ಒಮ್ಮೆ, ಎರಡು ಸಲ. ಕೆಲಸದವರು ನಾಲ್ಕು ದಿನ ವ್ಯರ್ಥ ಎಂದು ಬೇಸರ ಮಾಡಿಕೊಳ್ಳುತ್ತಾರೆ, ಆ ನಾಲ್ಕು ದಿನಕ್ಕೆ ಅವರಿಗೆ ಬೇರೆ ಕೋಣೆಯ ಕೆಲಸ ಇಟ್ಟುಕೊಂಡಿರಿ.

ಟೈಲ್ಸ್ ಗಾರೆಯಲ್ಲಾ, ಅಂಟಿನಲ್ಲಾ?

ವಾಟ ಕೋಟಿಂಗಿನ ಕೆಳಗೇ ಕೊಟ್ಟಿದ್ದರೆ ಅಂಟು ಸಲೀಸು. ವಿಟ್ರಿಫೈಡ್ ಟೈಲ್ಸ್ ನೀರು ಹೀರದ ಕಾರಣ ಬರೀ ಸಿಮೆಂಟಿಗೆ ಸರಿಯಾಗಿ ಹಿಡಿಯುವುದಿಲ್ಲ, ಅದಕ್ಕೆ ಅಂಟೇ ಬೇಕು. ಐಎಸ್ 15477 ಪ್ರಕಾರ ಚೀಲದ ಮೇಲೆ ಟೈಪ್ ಬರೆದಿರುತ್ತದೆ, ನಿಮ್ಮ ಟೈಲ್ಸಿಗೆ ಯಾವ ಟೈಪ್ ಎಂದು ನೋಡಿ ತನ್ನಿ. ಹಲ್ಲಿನ ಕರಣೆಯಿಂದ ಎಳೆಸಿ, ಐದು ಮುದ್ದೆ ಇಟ್ಟು ಒತ್ತುವುದು ಬೇಡ, ನಡುವೆ ಉಳಿದ ಟೊಳ್ಳಿನಲ್ಲಿ ನೀರು ನಿಲ್ಲುತ್ತದೆ. ಸಾದಾ ಸೆರಾಮಿಕ್ ಟೈಲ್ಸ್ ಆದರೆ, ಅಂಟಿನ ಕೆಲಸ ಬಲ್ಲವರು ನಿಮ್ಮ ಊರಲ್ಲಿ ಸಿಗದಿದ್ದರೆ, ಗಾರೆಯಲ್ಲೇ ಹಾಕಿಸಿ, ತಪ್ಪಿಲ್ಲ. ಗೊತ್ತಿಲ್ಲದವರ ಕೈಯಲ್ಲಿ ಅಂಟು ಹಾಕಿಸುವುದಕ್ಕಿಂತ ಗೊತ್ತಿರುವವರ ಗಾರೆ ಮೇಲು. ಸಂದಿಗೆ ಎಪಾಕ್ಸಿ ತುಂಬಿಸಿದರೆ ಕಲೆ ಹಿಡಿಯುವುದಿಲ್ಲ, ಇಳಿಯುವ ನೀರೂ ಕಡಿಮೆ.

ಕೊನೆಗೆ ಕಮೋಡ್. ಎಲ್ಲ ಮುಗಿದ ಮೇಲೆ ಕೂರಿಸುವವರು ಬಂದು ನಾಲ್ಕು ಸ್ಕ್ರೂಗೆ ನೆಲ ಕೊರೆಯುತ್ತಾರೆ, ಟೈಲ್ಸ್ ದಾಟಿ, ನೀವು ಅಷ್ಟು ಕಷ್ಟಪಟ್ಟು ಬಳಿಸಿದ ಕೋಟಿಂಗನ್ನೂ ದಾಟಿ. ಅಕ್ಕನ ಮನೆಯಲ್ಲಿ ಎರಡನೇ ಸಲ ನಾನು ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಎಷ್ಟು ಆಳ ಎಂದು ಗುರುತು ಮಾಡಿಕೊಟ್ಟೆ, ಪ್ರತಿ ತೂತಿಗೂ ಸೀಲೆಂಟ್ ತುಂಬಿಸಿ ಆಮೇಲೆ ಸ್ಕ್ರೂ ಬಿಗಿಸಿದರು. ಗೋಡೆಗೆ ನೇತುಹಾಕುವ ಕಮೋಡ್ ಆದರೆ ನೆಲಕ್ಕೆ ಈ ತೂತೇ ಬೇಡ, ಆದರೆ ಗೋಡೆ ಆ ಭಾರ ತಡೆಯುತ್ತಾ ಎಂದು ಟೈಲ್ಸ್ ಹತ್ತುವ ಮೊದಲೇ ಮೇಸ್ತ್ರಿಯನ್ನು ಕೇಳಿರಬೇಕು.